ಹಿಪ್ಪಿ ಅಂದರೆ ಯಾರು? ವೇಷವೋ, ವಿಚಾರವೋ, ದಿನಚರಿಯೋ?

ಮುಂಗಾರುಮೋಡ (ಪ್ರಶ್ನೆ):

ಹಿಪ್ಪಿ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರುವುದು ಉದ್ದ ಕೂದಲು, ಮಣಿಸರ, ಬಣ್ಣಬಣ್ಣದ ಅಂಗಿ, ಗಾಂಜಾ ಹೊಗೆ. 1960ರ ದಶಕದ ಅಮೆರಿಕದ ಬಗ್ಗೆ ಓದಲು ಹೋದರೆ ಒಬ್ಬೊಬ್ಬರದು ಒಂದೊಂದು ಮಾತು. ಯುದ್ಧವಿರೋಧಿ ಚಳವಳಿ ಅನ್ನುವವರು ಕೆಲವರು, ಎಲ್ಎಸ್‌ಡಿ (ಭ್ರಮೆ ಹುಟ್ಟಿಸುವ ಮಾದಕ) ಅನ್ನುವವರು ಕೆಲವರು, ಉಳ್ಳವರ ಮಕ್ಕಳ ಶೋಕಿ ಅಂತ ತಳ್ಳಿಹಾಕುವವರು ಇನ್ನು ಕೆಲವರು.

ನನಗೆ ಬೇಕಾದದ್ದು ವ್ಯಾಖ್ಯಾನ ಅಲ್ಲ. ಇವರು ದಿನಾ ಮಾಡುತ್ತಿದ್ದದ್ದೇನು? ಊಟ ಎಲ್ಲಿಂದ ಬರುತ್ತಿತ್ತು? ಹಳ್ಳಿ ಕಡೆ ಹೋಗಿ ಕಟ್ಟಿದ ಕಮ್ಯೂನ್‌ಗಳಲ್ಲಿ (ಎಲ್ಲರೂ ಒಟ್ಟಾಗಿ ಬದುಕುವ ನೆಲೆಗಳಲ್ಲಿ) ಬಹಳಷ್ಟು ಯಾಕೆ ಮುಚ್ಚಿದವು, ಕೆಲವು ಹೇಗೆ ಉಳಿದವು? ಜೊತೆಗೆ ಒಂದು ಚಿಲ್ಲರೆ ಪ್ರಶ್ನೆ: ಟೈ-ಡೈ (ಗಂಟು ಕಟ್ಟಿ ಬಣ್ಣ ಹಾಕಿದ) ಬಟ್ಟೆಯ ಬಣ್ಣ ಆ ಕಾಲದ್ದರ ಹಾಗೆ ಗಟ್ಟಿಯಾಗಿ ನಿಲ್ಲಬೇಕಾದರೆ ಏನು ಮಾಡಬೇಕು? ಈಗಿನದು ನಾಲ್ಕು ಒಗೆತಕ್ಕೆ ಮಾಸಿಹೋಗುತ್ತದೆ.

ಹಳೇರೇಡಿಯೊ:

ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ಯುದ್ಧವಿರೋಧಿ ವಿದ್ಯಾರ್ಥಿಗಳು ಬೇರೆ, ಹಿಪ್ಪಿಗಳು ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ ವಿಶ್ವವಿದ್ಯಾಲಯದ ಊರು ಬರ್ಕ್ಲಿ. ಅಲ್ಲಿ ಭಾಷಣ, ಧರಣಿ, ಕರಪತ್ರ, ಸರ್ಕಾರವನ್ನು ಮಣಿಸಬೇಕು ಅನ್ನುವ ಹಟ. ಈಚೆ ದಡದಲ್ಲಿ ಹೇಟ್-ಆಶ್‌ಬರಿ ಬಡಾವಣೆ. ಇಲ್ಲಿಯವರ ಲೆಕ್ಕದಲ್ಲಿ ಸರ್ಕಾರದ ಜೊತೆ ಜಗಳಕ್ಕೆ ನಿಲ್ಲುವುದೂ ಅದಕ್ಕೆ ಮರ್ಯಾದೆ ಕೊಟ್ಟ ಹಾಗೇ. ಅದರ ಪಾಡಿಗೆ ಅದನ್ನು ಬಿಟ್ಟು ಬೇರೆ ಬದುಕು ಕಟ್ಟಿಕೊಂಡರಾಯಿತು. ಈ ಎರಡು ಗುಂಪನ್ನೂ ಒಂದೇ ಹುಲ್ಲಿನ ಮೇಲೆ ಕೂರಿಸಲಿಕ್ಕೆಂದೇ 1967ರ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 'ಹ್ಯೂಮನ್ ಬಿ-ಇನ್' ನಡೆಸಿದ್ದು. ಇಪ್ಪತ್ತು ಸಾವಿರದಷ್ಟು ಜನ ಸೇರಿದರು. ಕವಿ ಅಲೆನ್ ಗಿನ್ಸ್‌ಬರ್ಗ್ ಮಂತ್ರ ಹೇಳಿದ, ಎಲ್ಎಸ್‌ಡಿ ಪ್ರಚಾರಕ ಟಿಮೊತಿ ಲಿಯರಿ 'ಡ್ರಾಪ್ ಔಟ್' ಅಂದ. ಓದು, ಕೆಲಸ, ಎಲ್ಲ ಬಿಟ್ಟು ಹೊರಬನ್ನಿ ಅಂತ.

ಹೇಳುವುದು ಸುಲಭ. ಆದರೆ ಅಮೆರಿಕದಲ್ಲಿ ಆಗ ಸೇನೆಗೆ ಕಡ್ಡಾಯ ಭರ್ತಿ ಇತ್ತು. 18 ತುಂಬಿದ ಗಂಡುಹುಡುಗ ಹೆಸರು ನೋಂದಾಯಿಸಲೇಬೇಕು. ಕಾಲೇಜಿನಲ್ಲಿ ಓದುತ್ತಿರುವಷ್ಟು ದಿನ '2-ಎಸ್' ಅನ್ನುವ ವಿನಾಯಿತಿ ಕಾಯುತ್ತದೆ. ಕಾಲೇಜು ಬಿಟ್ಟರೆ ಹೆಸರು '1-ಎ'ಗೆ, ಅಂದರೆ ಕರೆದಾಗ ಹೊರಡಬೇಕಾದವರ ಪಟ್ಟಿಗೆ ಬೀಳುತ್ತದೆ. 1967ರ ಕೊನೆಗೆ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರು 4,85,000ಕ್ಕೂ ಮೇಲೆ. ಭರ್ತಿ ಕಾರ್ಡನ್ನು ಸುಡುವುದು 1965ರಿಂದಲೇ ಅಪರಾಧ. ಹಾಗಾಗಿ 'ಎಲ್ಲ ಬಿಟ್ಟೆ' ಅಂತ ಹೇಟ್‌ಗೆ ಬಂದು ಕೂತ ಹತ್ತೊಂಬತ್ತರ ಹುಡುಗ ರಾಜಕೀಯದ ಮಾತೇ ಆಡದಿದ್ದರೂ ರಾಜಕೀಯದೊಳಗೇ ಇದ್ದ. ಶೋಕಿ ಅನ್ನುವವರು ಈ ಲೆಕ್ಕ ಮರೆಯುತ್ತಾರೆ.

ಇನ್ನು 'ಯಿಪ್ಪಿ'ಗಳನ್ನು ಹಿಪ್ಪಿಗಳ ಜೊತೆ ಕಲಸಬೇಡಿ. ಅದು 1967ರ ಕೊನೆಯಲ್ಲಿ ಆ್ಯಬಿ ಹಾಫ್‌ಮನ್, ಜೆರಿ ರೂಬಿನ್ ಮೊದಲಾದವರು ಕಟ್ಟಿದ ಗುಂಪು. ಹಿಪ್ಪಿ ವೇಷ, ಬರ್ಕ್ಲಿ ರಾಜಕೀಯ, ಮಧ್ಯೆ ನಾಟಕ. 1968ರ ಆಗಸ್ಟ್‌ನಲ್ಲಿ ಷಿಕಾಗೊದ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಹೊರಗೆ ಪೊಲೀಸರಿಂದ ಪೆಟ್ಟು ತಿಂದವರಲ್ಲಿ ಇವರಿದ್ದರು. ಹಿಪ್ಪಿಗಳದ್ದೇ ಅಂತ ಎಲ್ಲರೂ ನಂಬಿರುವ ಶಾಂತಿ ಚಿಹ್ನೆಯೂ ಅವರದ್ದಲ್ಲ. 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಜೆರಾಲ್ಡ್ ಹೋಲ್ಟಮ್ ಬರೆದುಕೊಟ್ಟದ್ದು.

ಒಲೆಮುಂದೆ:

ಹಳೇರೇಡಿಯೊ ಅವರೇ, ಗಂಟು ಬಿಡಿಸಿದಿರಿ, ಊಟದ ಪ್ರಶ್ನೆ ಹಾಗೇ ಉಳಿಯಿತು. ನನ್ನ ಪ್ರಕಾರ ಹಿಪ್ಪಿ ಅಂದರೇನು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಹೇಟ್‌ನಲ್ಲಿ ಊಟ ಹಾಕಿದವರು 'ಡಿಗ್ಗರ್ಸ್'. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೈಮ್ ಟ್ರೂಪ್ ಅನ್ನುವ ಬೀದಿನಾಟಕ ತಂಡದಿಂದ ಹೊರಬಂದವರು. ಹೆಸರು ಮಾತ್ರ 1649ರ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಜಮೀನು ಅಗೆದು ಬಿತ್ತಿದ ಗುಂಪಿನದು. ದಿನಾ ಸಂಜೆ ನಾಲ್ಕಕ್ಕೆ ಪ್ಯಾನ್‌ಹ್ಯಾಂಡ್ಲ್ ಅನ್ನುವ ಉದ್ದನೆಯ ಉದ್ಯಾನದಲ್ಲಿ ಊಟ. ಬಟ್ಟಲು, ಚಮಚ ನೀವೇ ತರಬೇಕು. ಸಗಟು ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ತರಕಾರಿ, ಮಾಂಸ ಕೇಳಿ ತಂದು ಸಾರಿನ ಹಾಗೆ ಬೇಯಿಸಿ, ಹಾಲಿನ ದೊಡ್ಡ ಕ್ಯಾನುಗಳಲ್ಲಿ ತುಂಬಿ ತರುತ್ತಿದ್ದರು. ಊಟಕ್ಕೆ ಬಂದವರು ಹಳದಿ ಬಣ್ಣದ ಒಂದು ದೊಡ್ಡ ಮರದ ಚೌಕಟ್ಟಿನೊಳಗೆ ದಾಟಿ ಬರಬೇಕು. ನೋಡುವ ಚೌಕಟ್ಟು ಬದಲಾದರೆ ಊಟಕ್ಕೆ ಬೆಲೆ ಯಾಕಿರಬೇಕು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ ಅನ್ನುವ ಲೆಕ್ಕ. ಅನ್ನದಾನ ಅಂತ ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ದಾನದಲ್ಲಿ ಕೊಡುವವನ ಕೈ ಮೇಲೆ, ತಗೊಳ್ಳುವವನ ಕೈ ಕೆಳಗೆ. ಅವರಿಗೆ ಬೇಡವಾಗಿದ್ದದ್ದೇ ಅದು.

ಅವರ ಪುಕ್ಕಟೆ ಅಂಗಡಿಗಳಲ್ಲೂ ಇದೇ ಸೂತ್ರ. ಬಟ್ಟೆ, ಪಾತ್ರೆ, ಏನಿದ್ದರೂ ಎತ್ತಿಕೊಂಡು ಹೋಗಬಹುದು. 'ಇಲ್ಲಿ ಮ್ಯಾನೇಜರ್ ಯಾರು?' ಅಂತ ಕೇಳಿದವರಿಗೆ 'ನೀವೇ' ಅನ್ನುವ ಉತ್ತರ.

ಈಗ ರೊಟ್ಟಿ. ಹೇಟ್‌ನ ಆಲ್ ಸೇಂಟ್ಸ್ ಚರ್ಚಿನ ಅಡುಗೆಮನೆಯಲ್ಲಿ ಡಿಗ್ಗರ್ಸ್ ಇಡೀ ಗೋಧಿಯ ಬ್ರೆಡ್ಡನ್ನು ಕಾಫಿಪುಡಿ ಬರುವ ತಗಡಿನ ಡಬ್ಬಿಗಳಲ್ಲಿ ಸುಡುತ್ತಿದ್ದರು. ಬ್ರೆಡ್ ಅಚ್ಚು ಕೊಳ್ಳಲು ದುಡ್ಡು ಬೇಕು, ಖಾಲಿ ಡಬ್ಬಿ ಎಲ್ಲ ಮನೆಯಲ್ಲೂ ಬಿದ್ದಿರುತ್ತದೆ. ಮೇಲೆ ಅಣಬೆ ಟೋಪಿಯ ಹಾಗೆ ಉಬ್ಬಿ ಬರುತ್ತದೆ. ಮಾಡಿ ನೋಡುವವರಿಗೆ ಅಳತೆ ಹೇಳುತ್ತೇನೆ. ಇದು ಡಬ್ಬಿಗೆ ಹೊಂದುವ ಮನೆ ಅಳತೆ, ಅವರ ಮೂಲ ಪಾಠ ಅಲ್ಲ. ಹೊಟ್ಟು ಸಮೇತದ ಗೋಧಿ ಹಿಟ್ಟು 500 ಗ್ರಾಂ, ಉಗುರುಬೆಚ್ಚಗಿನ ನೀರು 380ರಿಂದ 400 ಮಿಲಿ, ಒಣ ಈಸ್ಟ್ 7 ಗ್ರಾಂ, ಉಪ್ಪು 10 ಗ್ರಾಂ, ಜೇನು ಒಂದು ದೊಡ್ಡ ಚಮಚ. ಒಂದೊಂದು ಲೀಟರಿನ ಎರಡು ಡಬ್ಬಿಗೆ ಸರಿಹೋಗುತ್ತದೆ.

ಹಿಟ್ಟು, ನೀರು ಎರಡನ್ನೇ ಮೊದಲು ಕಲಸಿ ಅರ್ಧ ಗಂಟೆ ಸುಮ್ಮನೆ ಬಿಡಿ. ಈ ಅರ್ಧ ಗಂಟೆ ಕಾಯದವರ ಬ್ರೆಡ್ಡೇ ಇಟ್ಟಿಗೆ ಆಗುವುದು. ಹೊಟ್ಟು ನಿಧಾನವಾಗಿ ನೀರು ಕುಡಿಯುತ್ತದೆ. ನೆನೆಯದ ಹೊಟ್ಟಿನ ಚೂಪು ಅಂಚು ನಾದುವಾಗ ಹಿಟ್ಟಿನ ಜಿಗುಟು ಎಳೆಗಳನ್ನು ಕತ್ತರಿಸಿಹಾಕುತ್ತದೆ. ಆಮೇಲೆ ಈಸ್ಟ್, ಉಪ್ಪು, ಜೇನು ಸೇರಿಸಿ ಹತ್ತು ನಿಮಿಷ ನಾದಿ. ಎರಡರಷ್ಟು ಉಬ್ಬಿದ ಮೇಲೆ ಎಣ್ಣೆ ಸವರಿದ ಡಬ್ಬಿಗೆ ಅರ್ಧಕ್ಕಿಂತ ಕಡಿಮೆ ತುಂಬಿ. ಬಾಯಿಗೆ ಎರಡು ಸೆಂಟಿಮೀಟರ್ ಇರುವವರೆಗೆ ಮತ್ತೆ ಉಬ್ಬಲಿ, ಆಮೇಲೆ 180 ಡಿಗ್ರಿಯಲ್ಲಿ 45 ನಿಮಿಷ. ಸುಟ್ಟಾದ ಹತ್ತು ನಿಮಿಷಕ್ಕೆ ಡಬ್ಬಿಯಿಂದ ಹೊರತೆಗೆಯಿರಿ, ಇಲ್ಲದಿದ್ದರೆ ಒಳಗಿನ ಹಬೆ ನೀರಾಗಿ ಪಕ್ಕಗಳು ಪಿಚಪಿಚ ಆಗುತ್ತವೆ. ಎಚ್ಚರಿಕೆ: ಹಳೆಯ ಡಬ್ಬಿಗಳ ಬೆಸುಗೆಯಲ್ಲಿ ಸೀಸ ಇರಬಹುದು, ಹೊಸ ಡಬ್ಬಿಗಳ ಒಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಎರಡೂ ಒಲೆಗೆ ಬೇಡ. ಅದೇ ಆಕಾರದ, ಲೇಪ ಇಲ್ಲದ ಸ್ಟೀಲ್ ಡಬ್ಬಿ ಹುಡುಕಿಕೊಳ್ಳಿ.

ನೀಲಿಕೊಡೆ:

ಒಲೆಮುಂದೆ ಅವರ ಬರಹ ಚೆನ್ನಾಗಿದೆ, ಆದರೆ ಆ ಅಡುಗೆ ಮಾಡಿದವರು ಯಾರು ಅಂತ ಹೇಳಿಲ್ಲ. ಮಾರುಕಟ್ಟೆಗೆ ಹೋಗಿ ತರಕಾರಿ ಎತ್ತಿ ತಂದದ್ದು, ಹೆಚ್ಚಿದ್ದು, ಬೇಯಿಸಿದ್ದು ಬಹುಪಾಲು ಹೆಣ್ಣುಮಕ್ಕಳು. ಕರಪತ್ರ ಬರೆದು ಹೆಸರು ಮಾಡಿದವರು ಗಂಡಸರು. ಆಸ್ತಿ, ಹಣ, ಮದುವೆ ಎಲ್ಲವನ್ನೂ ಪ್ರಶ್ನಿಸಿದವರು ಪಾತ್ರೆ ತೊಳೆಯುವುದು ಯಾರ ಪಾಲು ಅನ್ನುವುದನ್ನು ಮಾತ್ರ ಪ್ರಶ್ನಿಸಲಿಲ್ಲ. ಹಿಪ್ಪಿತನದ ದೊಡ್ಡ ಕುರುಡು ಅದು.

ಇನ್ನೊಂದು ತಕರಾರು. ನೀವಿಬ್ಬರೂ ಎಲ್ಎಸ್‌ಡಿಯನ್ನು ಬದಿಗೆ ಸರಿಸಿ ಹಿಪ್ಪಿಗಳನ್ನು ತೊಳೆದು ಶುದ್ಧ ಮಾಡುತ್ತಿದ್ದೀರಿ. ಅದು ಅವರ ಪಾಲಿಗೆ ಮೋಜು ಮಾತ್ರ ಆಗಿರಲಿಲ್ಲ. ಮನಸ್ಸಿನ ಚೌಕಟ್ಟು ಒಮ್ಮೆ ಒಡೆದರೆ ಸಮಾಜದ ಚೌಕಟ್ಟು ತಾನಾಗಿ ಸಡಿಲವಾಗುತ್ತದೆ ಅಂತ ನಂಬಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನುಬಾಹಿರ ಆದದ್ದು 1966ರ ಅಕ್ಟೋಬರ್ 6ರಂದು. ನಂಬಿಕೆಗೆ ತೆತ್ತ ಬೆಲೆ ಮಾರನೇ ಬೇಸಿಗೆಯಲ್ಲಿ ಕಂಡಿತು. 'ಸಮ್ಮರ್ ಆಫ್ ಲವ್' ಅಂತ ಪತ್ರಿಕೆ, ಟೀವಿ ಕೂಗಿದ್ದೇ ತಡ, ಒಂದು ಲಕ್ಷದವರೆಗೆ ಜನ ಆ ಸಣ್ಣ ಬಡಾವಣೆಗೆ ಬಂದುಹೋದರು. ಬಂದವರಲ್ಲಿ ಮನೆ ಬಿಟ್ಟು ಓಡಿಬಂದ ಹದಿನೈದು, ಹದಿನಾರರ ಮಕ್ಕಳೂ ಇದ್ದರು. ಒಂದೇ ಮನೆಯಲ್ಲಿ ನೆಲದ ತುಂಬ ಜನ ಮಲಗುವುದು, ಒಂದೇ ಶೌಚಾಲಯ, ಗುಹ್ಯರೋಗ, ಕಾಮಾಲೆ, ಅದರ ಮೇಲೆ ಎಲ್ಎಸ್‌ಡಿ ಜಾಗಕ್ಕೆ ಮೆಥ್, ಹೆರಾಯಿನ್. ಡೇವಿಡ್ ಸ್ಮಿತ್ ಅನ್ನುವ ವೈದ್ಯ 1967ರ ಜೂನ್ 7ರಂದು ಹೇಟ್-ಆಶ್‌ಬರಿ ಫ್ರೀ ಕ್ಲಿನಿಕ್ ತೆರೆಯಬೇಕಾಗಿ ಬಂದದ್ದು ಇದಕ್ಕೇ. ಹಣ ಕೇಳದೆ, ಪೊಲೀಸರಿಗೆ ಹೇಳದೆ, ಬುದ್ಧಿವಾದ ಹೇಳದೆ ನೋಡುವುದು ಅಲ್ಲಿಯ ಪದ್ಧತಿ. ಅಮೆರಿಕದ ಎಷ್ಟೋ ಊರುಗಳ ಉಚಿತ ಚಿಕಿತ್ಸಾಲಯಗಳಿಗೆ ಇದೇ ಮಾದರಿ ಆಯಿತು. ಹಿಪ್ಪಿಗಳಿಂದ ಉಳಿದ ಒಳ್ಳೆಯದರ ಪಟ್ಟಿ ಮಾಡಿದರೆ ನಾನು ಸಂಗೀತಕ್ಕಿಂತ ಮೊದಲು ಇದನ್ನು ಬರೆಯುತ್ತೇನೆ.

ಆ ಬೇಸಿಗೆ ಮುಗಿದ ಮೇಲೆ, 1967ರ ಅಕ್ಟೋಬರ್ 6ರಂದು, ಹೇಟ್‌ನವರೇ ಶವಪೆಟ್ಟಿಗೆ ಹೊತ್ತು 'ಹಿಪ್ಪಿ ಸತ್ತ' ಅಂತ ಮೆರವಣಿಗೆ ಮಾಡಿದರು. ಸತ್ತದ್ದು ಪತ್ರಿಕೆಗಳು ಮಾಡಿಕೊಂಡ ಹಿಪ್ಪಿ. ಇನ್ನು ಇಲ್ಲಿಗೆ ಬರಬೇಡಿ, ನಿಮ್ಮ ಊರಲ್ಲೇ ಏನಾದರೂ ಮಾಡಿ ಅನ್ನುವುದು ಸಂದೇಶ. ಎರಡು ವರ್ಷ ಆದಮೇಲೆ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನಾಲ್ಕು ಲಕ್ಷ ಜನ ಸೇರಿದ್ದನ್ನು ನೋಡಿದರೆ ಆ ಸಂದೇಶ ಯಾರ ಕಿವಿಗೂ ಬಿದ್ದಂತಿಲ್ಲ.

ಕಾಡುದಾರಿ:

ಕಮ್ಯೂನ್ ಪ್ರಶ್ನೆ ನನಗಿರಲಿ. ವಿಚಾರ ತಪ್ಪಾಗಿ ಮುಚ್ಚಿದ ಕಮ್ಯೂನ್ ಕಡಿಮೆ. ಶೌಚದ ಗುಂಡಿ, ಸೋರುವ ಸೂರು, ಬಾಗಿಲೇ ಇಲ್ಲದ ಬೇಲಿ, ಇವುಗಳಿಂದ ಮುಚ್ಚಿದವೇ ಹೆಚ್ಚು.

ಮಾರ್ನಿಂಗ್ ಸ್ಟಾರ್ ಅನ್ನುವ ಕಮ್ಯೂನ್ ತಗೊಳ್ಳಿ. ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಸುಮಾರು 30 ಎಕರೆ. ಒಡೆಯ ಲೂ ಗಾಟ್ಲೀಬ್, ಲೈಮ್‌ಲೈಟರ್ಸ್ ಅನ್ನುವ ಜನಪ್ರಿಯ ಗಾಯನ ತಂಡದವನು. ಯಾರು ಬಂದರೂ ಹೋಗು ಅನ್ನುವಂತಿಲ್ಲ ಅನ್ನುವುದೊಂದೇ ಅವನ ನಿಯಮ. ಒಂದಷ್ಟು ಕಾಲ ಡಿಗ್ಗರ್ಸ್ ಊಟಕ್ಕೆ ತರಕಾರಿಯೂ ಅಲ್ಲಿಂದಲೇ ಹೋಗುತ್ತಿತ್ತು. 1967ರ ಬೇಸಿಗೆಯ ಜನ ಅಲ್ಲಿಗೂ ನುಗ್ಗಿದ ಮೇಲೆ ಕೌಂಟಿಯ ಆರೋಗ್ಯ ಇಲಾಖೆ ಬಂತು, ನೋಟಿಸ್ ಬಂತು, ಕೋರ್ಟಿನ ದಂಡ ಏರುತ್ತ ಹೋಯಿತು. 1969ರಲ್ಲಿ ಅವನು ಜಮೀನನ್ನು ದೇವರ ಹೆಸರಿಗೆ ಬರೆದುಬಿಟ್ಟ. ದೇವರು ಆಸ್ತಿ ಹೊಂದುವ ವ್ಯಕ್ತಿ ಅಲ್ಲ ಅಂತ ಕೋರ್ಟು ತಳ್ಳಿಹಾಕಿತು. ಕೊನೆಗೆ ಬುಲ್‌ಡೋಜರ್. ಈ ಕಥೆಯನ್ನು ಎಲ್ಲರೂ ನಗುತ್ತ ಹೇಳುತ್ತಾರೆ, ಆದರೆ ಶೌಚದ ಬಗ್ಗೆ ಕೌಂಟಿಯವರು ಕೇಳಿದ ಪ್ರಶ್ನೆ ನಗುವಂಥದ್ದಲ್ಲ.

ಹೆಪಟೈಟಿಸ್-ಎ, ಅಂದರೆ ಒಂದು ಬಗೆಯ ಕಾಮಾಲೆ, ಹರಡುವುದು ಮಲದಿಂದ ಕೈಗೆ, ಕೈಯಿಂದ ಊಟಕ್ಕೆ. ಕಣ್ಣು ಹಳದಿ ಆಗುವ ಒಂದೆರಡು ವಾರ ಮೊದಲೇ ಆ ಮನುಷ್ಯ ರೋಗ ಹಂಚುತ್ತಿರುತ್ತಾನೆ. ಹಾಗಾಗಿ 'ಕಾಯಿಲೆ ಇದ್ದವರು ಅಡುಗೆಗೆ ಬರಬೇಡಿ' ಅನ್ನುವ ನಿಯಮ ಸಾಲದು. ಅಡುಗೆಗೆ ಕೈ ಹಚ್ಚುವ ಪ್ರತಿಯೊಬ್ಬರೂ ಸೋಪು ಹಾಕಿ ಕೈ ತೊಳೆಯಬೇಕು, ಅದನ್ನು ನೋಡಿಕೊಳ್ಳಲು ಒಬ್ಬರಿರಬೇಕು. ಶೌಚದ ಗುಂಡಿ, ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ, ಇಳಿಜಾರಿನ ಕೆಳಗೆ ಇರಬೇಕು. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ ನಡುವೆ ಎರಡು ಮೀಟರಾದರೂ ಒಣಮಣ್ಣು ಬೇಕು. ಹತ್ತು ಜನಕ್ಕೆ ತೋಡಿದ ಗುಂಡಿಗೆ ನೂರು ಜನ ಬಂದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ನೋಡಿಕೊಳ್ಳುವವರು ಇರಬೇಕು ಅಂದೆನಲ್ಲ, ಯಾರೂ ಯಾರಿಗೂ ಹೇಳಬಾರದು ಅನ್ನುವ ಕಮ್ಯೂನ್‌ಗಳು ಎಡವಿದ್ದು ಅಲ್ಲೇ.

ಸೂರಿನ ಕಥೆ ಡ್ರಾಪ್ ಸಿಟಿಯದು. 1965ರಲ್ಲಿ ಕೊಲರಾಡೊದ ಟ್ರಿನಿಡಾಡ್ ಪಕ್ಕ 450 ಡಾಲರಿಗೆ ಒಂದಷ್ಟು ಆಡು ಮೇಯುವ ಜಮೀನು ಕೊಂಡು, ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರನ ಗುಮ್ಮಟದ ವಿಚಾರ ಹಿಡಿದು ಕಟ್ಟಿದರು. ಗುಜರಿ ಕಾರುಗಳ ಚಾವಣಿಯನ್ನು ಕೊಡಲಿಯಿಂದ ಕತ್ತರಿಸಿ ತಂದು ಹೊದಿಕೆ. ನೋಡಲು ಅದ್ಭುತ. ಆದರೆ ಗುಮ್ಮಟದಲ್ಲಿ ಗೋಡೆ, ಚಾವಣಿ ಅಂತ ಬೇರೆ ಇಲ್ಲ. ಹೊರಮೈ ಪೂರ್ತಿ ಕೀಲುಗಳು. ಹೆಂಚಿನಲ್ಲಿ ಮೇಲಿನ ಸಾಲು ಕೆಳಗಿನದರ ಮೇಲೆ ಹತ್ತಿ ಕೂರುವುದರಿಂದ ನೀರು ತಾನಾಗಿ ಜಾರುತ್ತದೆ. ತ್ರಿಕೋನದ ತುಂಡುಗಳು ಅಂಚಿಗೆ ಅಂಚು ಕೂಡುವಾಗ ನೀರು ತಡೆಯುವ ಇಡೀ ಭಾರ ಕೀಲಿಗೆ ಹಚ್ಚಿದ ಡಾಂಬರಿನ ಮೇಲೆ. ಹಗಲು ತಗಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಒಂದೆರಡು ಋತುವಿಗೆ ಡಾಂಬರು ಸೀಳುತ್ತದೆ. ಗುಮ್ಮಟ ಕಟ್ಟುವ ಕೈಪಿಡಿ ಪ್ರಕಟಿಸಿ ಹೆಸರಾಗಿದ್ದ ಲಾಯ್ಡ್ ಕಾನ್ ಆಮೇಲೆ ಗುಮ್ಮಟದ ವಿರುದ್ಧವೇ ತಿರುಗಿದ. ಡ್ರಾಪ್ ಸಿಟಿ ಖಾಲಿಯಾದದ್ದು ಸೋರಿಕೆಯೊಂದರಿಂದಲೇ ಅಲ್ಲ. 1967ರಲ್ಲಿ ಹಬ್ಬ ಮಾಡಿ ಊರಿಗೆಲ್ಲ ಕರೆ ಕೊಟ್ಟರು, ಬಂದವರು ಹೋಗಲಿಲ್ಲ, ಕಟ್ಟಿದವರೇ ಒಬ್ಬೊಬ್ಬರಾಗಿ ಎದ್ದರು.

ಉಳಿದದ್ದಕ್ಕೆ ಉದಾಹರಣೆ ಟ್ವಿನ್ ಓಕ್ಸ್. ವರ್ಜೀನಿಯಾದಲ್ಲಿ 1967ರಲ್ಲಿ ಎಂಟು ಜನರಿಂದ ಶುರು, ಇವತ್ತಿಗೂ ಇದೆ. ಇಲ್ಲಿ ಕೆಲಸಕ್ಕೆ ಲೆಕ್ಕ. ಒಬ್ಬೊಬ್ಬರು ವಾರಕ್ಕೆ ಸುಮಾರು 40 ಗಂಟೆ ದುಡಿಯಬೇಕು. ಅಡುಗೆ, ಮಗು ನೋಡುವುದು, ಪಾತ್ರೆ, ಹೊಲ, ಲೆಕ್ಕಪತ್ರ ಎಲ್ಲಕ್ಕೂ ಗಂಟೆಗೆ ಒಂದೇ ಬೆಲೆ. ಶುರುವಿನಲ್ಲಿ ಯಾರಿಗೂ ಬೇಡವಾದ ಕೆಲಸಕ್ಕೆ ಹೆಚ್ಚು ಅಂಕ ಕೊಡುತ್ತಿದ್ದರು, ಆಮೇಲೆ ಅದನ್ನು ಕೈಬಿಟ್ಟರು. ಹೊರಗಿನ ಹಣಕ್ಕೆ ಹಗ್ಗದ ತೂಗುಮಂಚ ಹೆಣೆದು ಮಾರಿದರು, ಆಮೇಲೆ ತೋಫು. ಸೇರಬೇಕಾದರೆ ಮೊದಲು ಅತಿಥಿಯಾಗಿ ಇದ್ದು, ಒಳಗಿನವರ ಒಪ್ಪಿಗೆ ಪಡೆಯಬೇಕು. ನೀಲಿಕೊಡೆ ಅವರು ಹೇಳಿದ ಪಾತ್ರೆಯ ಪ್ರಶ್ನೆಗೆ ಉತ್ತರ ಹುಡುಕಿದ ಕೆಲವೇ ಜಾಗಗಳಲ್ಲಿ ಇದೊಂದು. ಇಷ್ಟು ನಿಯಮ ಇದ್ದರೆ ಅದು ಹಿಪ್ಪಿಯೇ ಅಲ್ಲ ಅನ್ನುವವರಿದ್ದಾರೆ. ಇರಲಿ.

ಟೆನೆಸ್ಸಿಯ 'ದಿ ಫಾರ್ಮ್' ನಡುವಿನದು. 1971ರಲ್ಲಿ ಸ್ಟೀಫನ್ ಗ್ಯಾಸ್ಕಿನ್ ಅನ್ನುವ ಮುಖಂಡನ ಹಿಂದೆ ಹಳೆಯ ಶಾಲಾ ಬಸ್ಸುಗಳಲ್ಲಿ ಬಂದವರು ಸುಮಾರು ಸಾವಿರ ಎಕರೆ ಕೊಂಡರು. ಎಲ್ಲರ ಹಣವೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ, ಮಾಂಸ ಇಲ್ಲ, ಹಾಲೂ ಸೋಯಾದ್ದೇ. ಐನಾ ಮೇ ಗ್ಯಾಸ್ಕಿನ್ ಮತ್ತು ಜೊತೆಯವರು ಕಟ್ಟಿದ ಸೂಲಗಿತ್ತಿಯರ ತಂಡ ದೇಶದಲ್ಲೇ ಹೆಸರಾಯಿತು. ಜನ ಸಾವಿರ ದಾಟಿದರು, ಸಾಲವೂ ಬೆಳೆಯಿತು. 1983ರಲ್ಲಿ ಒಂದೇ ಗಲ್ಲಾಪೆಟ್ಟಿಗೆ ಅನ್ನುವುದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ದುಡಿದು ತಿಂಗಳ ವಂತಿಗೆ ಕೊಡಬೇಕು ಅಂದರು. ಬಹುಪಾಲು ಜನ ಹೊರಟುಹೋದರು, ಜಮೀನು ಉಳಿಯಿತು. ಸೋಲು ಅಂತ ಕರೆಯಬಹುದು, ನಾನು ಕರೆಯುವುದಿಲ್ಲ.

ಮುಂಗಾರುಮೋಡ:

ಎಲ್ಲರಿಗೂ ಧನ್ಯವಾದ. ಕಾಡುದಾರಿ ಅವರೇ, ಗುಂಡಿಯ ಲೆಕ್ಕದಿಂದ ಅರ್ಥವಾದಷ್ಟು ಸಿದ್ಧಾಂತದ ಪುಸ್ತಕಗಳಿಂದ ಅರ್ಥವಾಗಿರಲಿಲ್ಲ. ಟೈ-ಡೈ ಬಗ್ಗೆ ಯಾರೂ ಬರೆದಿಲ್ಲ. ಬಣ್ಣ ಹಾಕುವ ಮೊದಲು ವಿನೆಗರ್‌ನಲ್ಲಿ ನೆನೆಸಬೇಕು ಅನ್ನುತ್ತಾರೆ, ನಿಜವಾ?

ಬಣ್ಣದಬಟ್ಟಲು:

ವಿನೆಗರ್ ಬೇಡವೇ ಬೇಡ. ಅದು ಉಣ್ಣೆ, ರೇಷ್ಮೆಗೆ ಹಾಕುವ ಆಮ್ಲ ಬಣ್ಣದ ಜೊತೆಗಾರ. ಹತ್ತಿಗೆ ಬೇಕಾದದ್ದು ಅದರ ತದ್ವಿರುದ್ಧ, ಕ್ಷಾರ.

ಇನ್ನೊಂದು: ಆ ಕಾಲದ ಬಣ್ಣ ಗಟ್ಟಿಯಾಗಿತ್ತು ಅನ್ನುವುದು ಅರ್ಧ ಸತ್ಯ. ಅಂಗಡಿಯಲ್ಲಿ ಸಿಗುತ್ತಿದ್ದ ರಿಟ್‌ನಂಥ ಸಾಮಾನ್ಯ ಬಣ್ಣದಲ್ಲಿ ಅದ್ದಿದ ಅಂಗಿಗಳು ಆಗಲೂ ಮಾಸುತ್ತಿದ್ದವು. ಅವು ನೂಲಿನ ಮೇಲೆ ಕೂರುತ್ತವೆ ಅಷ್ಟೆ. ನಿಲ್ಲುವುದು 1956ರಲ್ಲಿ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ಪ್ರೋಸಿಯಾನ್ ಜಾತಿಯ ಬಣ್ಣ. ಅದು ನೂಲಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ನೀವೂ ಅದನ್ನೇ ತಗೊಳ್ಳಿ.

ಬಟ್ಟೆ ನೂರಕ್ಕೆ ನೂರು ಹತ್ತಿ ಇರಲಿ. ಪಾಲಿಯೆಸ್ಟರ್ ಬೆರಕೆ ಎಷ್ಟಿದೆಯೋ ಅಷ್ಟು ಬಣ್ಣ ತೊಳೆದುಹೋಗುತ್ತದೆ. ಹೊಸ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಗಂಜಿ ತೆಗೆಯಿರಿ. ಆಮೇಲೆ ಲೀಟರ್ ನೀರಿಗೆ 60 ಗ್ರಾಂ ಸೋಡಾ ಆ್ಯಶ್ (ಕ್ಷಾರದ ಪುಡಿ) ಕರಗಿಸಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡಿ. ಅಡುಗೆ ಸೋಡಾ ನಡೆಯುವುದಿಲ್ಲ. ಹರಳು ಹರಳಾಗಿರುವ ವಾಷಿಂಗ್ ಸೋಡಾ ಆದರೆ ಅದರೊಳಗೆ ನೀರಿನಂಶ ಇರುವುದರಿಂದ ಸುಮಾರು 160 ಗ್ರಾಂ ಬೇಕು. ಬಹಳ ಜನರ ಬಣ್ಣ ಪೇಲವ ಆಗುವುದು ಈ ಎರಡನ್ನೂ ಒಂದೇ ಅಂದುಕೊಂಡು ಅಳೆದದ್ದಕ್ಕೆ.

ಬಟ್ಟೆಯ ನಡುವೆ ಚಿವುಟಿ ಹಿಡಿದು ಸುತ್ತುತ್ತ ಹೋಗಿ, ನೆರಿಗೆ ನಾಲ್ಕು ಸೆಂಟಿಮೀಟರಿಗಿಂತ ಎತ್ತರ ಏಳದಿರಲಿ. ಮೂರು ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕಿದರೆ ಆರು ಪಾಲು. 250 ಮಿಲಿ ನೀರಿಗೆ ಎರಡು ಸಣ್ಣ ಚಮಚ ಬಣ್ಣ, ಕಪ್ಪಾದರೆ ನಾಲ್ಕು. ಕೆಂಪಿನ ಪಕ್ಕ ಹಸಿರು, ನೇರಳೆಯ ಪಕ್ಕ ಹಳದಿ ಹಾಕಬೇಡಿ. ಕೂಡಿದ ಜಾಗ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಎರಡೂ ಬದಿ ನೆರಿಗೆಯ ಆಳಕ್ಕೆ ಇಳಿಯುವಷ್ಟು ಹಾಕಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ 24 ಗಂಟೆ ಬೆಚ್ಚಗಿನ ಜಾಗದಲ್ಲಿ ಇಡಿ. 20 ಡಿಗ್ರಿಗಿಂತ ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಒಣಗಿದರೆ ಅಲ್ಲಿಗೇ ನಿಲ್ಲುತ್ತದೆ. ಪುಡಿ ಕಲಸುವಾಗ ಕೈಗವಸು, ಮಾಸ್ಕ್ ಇರಲಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮುಂಗಾರುಮೋಡ:

ಸೋಡಾವನ್ನು ಬಣ್ಣದ ಬಾಟಲಿಗೇ ಸೇರಿಸಿಬಿಟ್ಟರೆ ಒಂದು ಕೆಲಸ ಉಳಿಯುತ್ತದಲ್ಲ?

ಬಣ್ಣದಬಟ್ಟಲು:

ಉಳಿಯುವುದಿಲ್ಲ, ಬಣ್ಣ ಹಾಳಾಗುತ್ತದೆ. ಕ್ಷಾರ ಸೇರಿದ ಕ್ಷಣದಿಂದ ಬಣ್ಣ ಬಟ್ಟೆಯನ್ನು ಕಾಯದೆ ನೀರಿನ ಜೊತೆಗೇ ಕೂಡಿಕೊಳ್ಳಲು ಶುರು ಮಾಡುತ್ತದೆ. ಒಂದು ಗಂಟೆಯೊಳಗೆ ಬಳಸದಿದ್ದರೆ ಅದರ ಶಕ್ತಿ ಬಹುಪಾಲು ಹೋಗಿರುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ನಿಮ್ಮ ನಾಲ್ಕು ಒಗೆತದ ಮಾಸುವಿಕೆಗೆ ಕಾರಣ ಇದೂ ಇರಬಹುದು, ತೊಳೆಯುವ ಕ್ರಮವೂ ಇರಬಹುದು: ಮೊದಲು ರಬ್ಬರ್ ಬ್ಯಾಂಡ್ ಬಿಚ್ಚದೆ ತಣ್ಣೀರಲ್ಲಿ ಸೋಡಾದ ಜಾರುತನ ಹೋಗುವವರೆಗೆ, ಬಿಚ್ಚಿ ಇನ್ನೊಮ್ಮೆ ತಣ್ಣೀರು, ಆಮೇಲೆ 60 ಡಿಗ್ರಿಗೂ ಮೇಲಿನ ಬಿಸಿನೀರಲ್ಲಿ ಸೋಪು ಹಾಕಿ ನೀರು ತಿಳಿಯಾಗುವವರೆಗೆ. ಮೊದಲ ಎರಡು ಒಗೆತ ಬೇರೆ ಬಟ್ಟೆಯ ಜೊತೆ ಹಾಕಬೇಡಿ.